ಪಂಪ್ ಗಯಾ ಸಾಬ್!

ಹೈದರಾಬಾದಿನಲ್ಲಿ ಹಳೆ ಕಾರು ಇಟ್ಟುಕೊಂಡವರಲ್ಲಿ ಈ ಮೂರು ಶಬ್ದ ಕೇಳದವರು ಇರಲಿಕ್ಕಿಲ್ಲ. ಗಾಡಿ ಎಳೆಯುತ್ತಿಲ್ಲವೇ? ಪಂಪ್ ಗಯಾ ಸಾಬ್. ಬಿಸಿಲಲ್ಲಿ ನಿಂತುಹೋಯಿತೇ? ಪಂಪ್ ಗಯಾ. ಬೆಳಿಗ್ಗೆ ಸ್ಟಾರ್ಟ್ ಆಗಲಿಲ್ಲವೇ? ಅದೇ ಉತ್ತರ. ಇನ್ನೂ ಬಾನೆಟ್ ಎತ್ತಿರುವುದಿಲ್ಲ, ಮೀಟರ್ ಹಚ್ಚಿರುವುದಿಲ್ಲ, ತೀರ್ಪು ಮಾತ್ರ ಬಂದುಬಿಟ್ಟಿರುತ್ತದೆ. ಜೊತೆಗೆ ಎಸ್ಟಿಮೇಟ್ ಕೂಡ.

ನಾನು ಮೆಕ್ಯಾನಿಕ್ ಅಲ್ಲ ಸ್ವಾಮಿ. ಬಿ.ಕಾಂ. ಮುಗಿಸಿ ಬ್ಯಾಂಕಿಗೆ ಸೇರಿ, ರಾಯಚೂರು ಬಿಟ್ಟು ಈ ಊರಿಗೆ ಬಂದು ಮೂವತ್ತು ವರ್ಷ ಆಯಿತು. ನನಗೆ ಗೊತ್ತಿರುವುದು ಒಂದೇ ವಿದ್ಯೆ: ವೋಚರ್ ಇಲ್ಲದೆ ಖಾತೆಗೆ ಡೆಬಿಟ್ ಹಾಕಬಾರದು. ಅದನ್ನೇ ಗ್ಯಾರೇಜಿಗೂ ಅನ್ವಯಿಸಿ ಎಂದು ಹೇಳಲು ಇಷ್ಟು ಬರೆಯುತ್ತಿದ್ದೇನೆ. ಅಳತೆ ತೋರಿಸದ ಯಾರಿಗೂ ಪಂಪಿನ ದುಡ್ಡು ಕೊಡಬೇಡಿ.

ಮೊದಲು ಯಾವ ಕಾರುಗಳ ಮಾತು ಎಂದು ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ ಮಧ್ಯಮ ವರ್ಗದವರ ಕೈಗೆಟುಕುವ ಸ್ಪೋರ್ಟ್ಸ್ ಕಾರು ಎಂದು ಬಂದದ್ದೇ ಕಡಿಮೆ. ನಿಜವಾದ ಎರಡು ಸೀಟಿನ ತೆರೆದ ಕಾರು ಎಂದರೆ ನಮ್ಮ ಬೆಂಗಳೂರಿನ ಸ್ಯಾನ್ ಕಂಪನಿಯವರು ಗೋವಾದಲ್ಲಿ ತಯಾರಿಸಿದ ಸ್ಯಾನ್ ಸ್ಟಾರ್ಮ್. ಫೈಬರ್ ಬಾಡಿ, ರೆನೋ ಎಂಜಿನ್. ಉಳಿದಂತೆ ನಾವು 'ಸ್ಪೋರ್ಟ್ಸ್' ಎಂದು ಪ್ರೀತಿಯಿಂದ ಕರೆದದ್ದು 2001ರಲ್ಲಿ ಬಂದ ಫಿಯಟ್ ಪಾಲಿಯೊ 1.6, ಫೋರ್ಡ್ ಐಕಾನ್ 1.6, ಹೋಂಡಾ ಸಿಟಿ ವಿಟೆಕ್ ಇಂಥವನ್ನು. ಈಗ ಎಲ್ಲವೂ ಇಪ್ಪತ್ತು ದಾಟಿದ ಗಾಡಿಗಳು. ಅಂಥದ್ದೇ ಒಂದು ನನ್ನ ಹತ್ತಿರವೂ ಇದೆ. ಹೆಸರು ಬೇಡ, ದೃಷ್ಟಿಯಾದೀತು :-)

ಎರಡು ಬೇಸಿಗೆಯ ಹಿಂದೆ ಇದು ಮೆಹದಿಪಟ್ನಂನಿಂದ ಆರಾಂಘರ್ ಕಡೆಗೆ ಹೋಗುವ ಪಿ.ವಿ. ಎಕ್ಸ್‌ಪ್ರೆಸ್‌ವೇ ಮೇಲೆ, ಹನ್ನೊಂದು ಚಿಲ್ಲರೆ ಕಿಲೋಮೀಟರಿನ ಆ ಸೇತುವೆಯ ನಟ್ಟನಡುವೆ, ಮಧ್ಯಾಹ್ನ ನಿಂತಿತು. ಅರ್ಧ ಗಂಟೆ ತಣ್ಣಗಾದ ಮೇಲೆ ತಾನೇ ಸ್ಟಾರ್ಟ್ ಆಯಿತು. ಗ್ಯಾರೇಜಿನವನು ಪೂರಾ ಪಂಪ್ ಅಸೆಂಬ್ಲಿ ಬದಲಿಸಬೇಕು, 18,000 ರೂಪಾಯಿ ಎಂದ. "ಪಂಪಿಗೆ ಎಷ್ಟು ವೋಲ್ಟ್ ಬರುತ್ತಿದೆ ತೋರಿಸು" ಎಂದೆ. ಅವನ ಮುಖ ನೋಡಬೇಕಿತ್ತು. ಗಾಡಿ ವಾಪಸ್ ತೆಗೆದುಕೊಂಡು ಪರಿಚಯದ ಒಬ್ಬ ಹಳೇ ಎಲೆಕ್ಟ್ರಿಷಿಯನ್ ಹತ್ತಿರ ಒಯ್ದೆ. ಎಂಜಿನ್ ಬಿಸಿಯಾಗಿ ಓಡುತ್ತಿರುವಾಗಲೇ ಆತ ಮಲ್ಟಿಮೀಟರ್ ಹಚ್ಚಿದ. ಬ್ಯಾಟರಿಯಲ್ಲಿ 14 ವೋಲ್ಟ್ ಹತ್ತಿರ ಇದೆ, ಪಂಪಿನಲ್ಲಿ 9.4. ಅರ್ತ್ ವೈರಿನ ತುದಿ ತುಕ್ಕು ಹಿಡಿದಿತ್ತು, ಅಷ್ಟೇ. ಉಜ್ಜಿ, ಹೊಸ ಲಗ್ ಹಾಕಿದ. 300 ರೂಪಾಯಿ. ಅದೇ ಹಳೇ ಪಂಪು ಇವತ್ತಿಗೂ ಓಡುತ್ತಿದೆ.

ಇದು ನನ್ನೊಬ್ಬನ ಅದೃಷ್ಟದ ಕಥೆ ಅಲ್ಲ. ಪಂಪು ಕೆಟ್ಟಿದೆ ಎನ್ನುವ ಮೊದಲು ನೋಡಲೇಬೇಕಾದ ಕೆಲವು ಸಂಗತಿಗಳಿವೆ. ಇಂಜೆಕ್ಷನ್ ಕಾರುಗಳ ಮಟ್ಟಿಗೆ ಹೇಳುತ್ತೇನೆ, ಬರೆದಿಟ್ಟುಕೊಳ್ಳಿ.

ಒಂದು. ಕೀ ತಿರುಗಿಸಿ, ಸ್ಟಾರ್ಟ್ ಮಾಡಬೇಡಿ. ಟ್ಯಾಂಕ್ ಕಡೆಯಿಂದ ಎರಡು ಸೆಕೆಂಡ್ 'ಗುಂಯ್' ಎನ್ನುವ ಸದ್ದು ಬರಬೇಕು, ಆಮೇಲೆ ನಿಲ್ಲಬೇಕು. ಹಾಗೆ ನಿಲ್ಲುವುದು ಕಾಯಿಲೆ ಅಲ್ಲ, ಸುರಕ್ಷತೆಗೆಂದೇ ಮಾಡಿದ ವ್ಯವಸ್ಥೆ. ಸದ್ದೇ ಇಲ್ಲವೆಂದರೆ ಮೊದಲು ಫ್ಯೂಸ್, ಆಮೇಲೆ ರಿಲೇ, ಆಮೇಲೆ ಡಿಕ್ಕಿಯಾದಾಗ ಪಂಪ್ ನಿಲ್ಲಿಸುವ ಇನರ್ಷಿಯಾ ಸ್ವಿಚ್. ನಮ್ಮ ರಸ್ತೆಯ ಗುಂಡಿಗೆ ದಡ್ ಎಂದು ಬಿದ್ದರೂ ಕೆಲವೊಮ್ಮೆ ಆ ಸ್ವಿಚ್ ಹಾರುತ್ತದೆ. ಒತ್ತಿದರೆ ಸರಿಹೋಗುವುದಕ್ಕೆ ಪಂಪಿನ ಬಿಲ್ಲೇ?

ಎರಡು. ಸದ್ದು ಇದೆ, ಎಂಜಿನ್ ಹಿಡಿಯುತ್ತಿಲ್ಲ. ಆಗ ಪ್ರೆಶರ್ ಗೇಜ್ ಹಚ್ಚಲೇಬೇಕು. ಈ ಕಾಲದ ಕಾರುಗಳಲ್ಲಿ ಸಾಮಾನ್ಯವಾಗಿ 3 ಬಾರ್ ಆಸುಪಾಸು ಇರುತ್ತದೆ, ನಿಮ್ಮ ಕಾರಿನ ನಿಖರ ಅಂಕಿ ವರ್ಕ್‌ಶಾಪ್ ಮ್ಯಾನ್ಯುಯಲ್‌ನಲ್ಲಿ ಸಿಗುತ್ತದೆ. ಒತ್ತಡ ಸರಿ ಇದ್ದರೆ ಪಂಪು ನಿರಪರಾಧಿ. ಕ್ರ್ಯಾಂಕ್ ಸೆನ್ಸರ್ ಸತ್ತರೆ ಕಾರಿನ ಕಂಪ್ಯೂಟರ್ ತಾನಾಗಿ ಪಂಪ್ ನಿಲ್ಲಿಸುತ್ತದೆ. ಸೆನ್ಸರ್ ಮಾಡಿದ ತಪ್ಪಿಗೆ ಪಂಪಿಗೆ ಶಿಕ್ಷೆ!

ಮೂರು. ಊರೊಳಗೆ ಸರಿ, ಬೆಂಗಳೂರು ಹೈವೇಯಲ್ಲಿ ಕಾಲು ಒತ್ತಿದರೆ ಉಸಿರು ಕಟ್ಟುತ್ತದೆ. ಮೊದಲು ಫಿಲ್ಟರ್ ನೋಡಿ, ಟ್ಯಾಂಕಿನೊಳಗಿನ ಜಾಳಿಗೆ ನೋಡಿ. ಟ್ಯಾಂಕಿನ ಮುಚ್ಚಳ ತೆಗೆದಾಗ 'ಬುಸ್' ಎಂದು ಗಾಳಿ ಒಳಗೆ ಎಳೆದರೆ, ಗಾಳಿಯಾಡುವ ದಾರಿ ಮುಚ್ಚಿದೆ ಎಂದು ತಿಳಿಯಿರಿ.

ಪೆಟ್ರೋಲ್ ಪೈಪನ್ನು ನೀವೇ ಬಿಚ್ಚಲು ಹೋಗಬೇಡಿ, ಅದರೊಳಗೆ ಒತ್ತಡ ಇರುತ್ತದೆ, ಬೆಂಕಿಯ ಕೆಲಸ. ಮಾಡುವವರು ಮಾಡಲಿ, ನೀವು ಪಕ್ಕದಲ್ಲಿ ನಿಂತು ಅಂಕಿ ಓದಿ.

ಈಗ ಹೊಸ ನೆಪ ಒಂದು ಹುಟ್ಟಿದೆ: ಎಥನಾಲ್. "ಸಾಬ್, ಇ20 ಪೆಟ್ರೋಲ್ ಸೇ ಪಂಪ್ ಖರಾಬ್ ಹುವಾ." ಇದರಲ್ಲಿ ಅರ್ಧ ಸತ್ಯವಿದೆ, ಅದಕ್ಕೇ ಇದು ಅಪಾಯ. ಶೇಕಡ 20 ಎಥನಾಲ್ ಬೆರೆಸಿದ ಪೆಟ್ರೋಲ್ ಬಿಡುಗಡೆಯಾದದ್ದು 2023ರ ಫೆಬ್ರುವರಿಯಲ್ಲಿ, ಅದೂ ನಮ್ಮ ಬೆಂಗಳೂರಿನಲ್ಲೇ. 2030ಕ್ಕೆ ಎಂದಿದ್ದ ಗುರಿಯನ್ನು ಮುಂದಕ್ಕೆ ಎಳೆದುಕೊಂಡು 2025ರಲ್ಲೇ ಮುಟ್ಟಿದರು. ಎಥನಾಲ್ ನೀರು ಹೀರುತ್ತದೆ, ಹಳೆಯ ರಬ್ಬರ್ ಪೈಪು, ಸೀಲುಗಳನ್ನು ಮೆತ್ತಗೆ ಮಾಡುತ್ತದೆ, ಟ್ಯಾಂಕಿನ ಹಳೇ ಕೊಳೆಯನ್ನು ಸಡಿಲಿಸಿ ಫಿಲ್ಟರಿಗೆ ತಂದು ತುಂಬುತ್ತದೆ. ಹಾಗಾದರೆ ಮೊದಲು ಬದಲಿಸಬೇಕಾದದ್ದು ಪೈಪು, ಸೀಲು, ಫಿಲ್ಟರ್ ಅಲ್ಲವೇ? ಅವನ್ನು ಹಾಗೇ ಬಿಟ್ಟು ಬರೀ ಪಂಪು ಹಾಕಿದರೆ, ಎಥನಾಲಿನ ಹೆಸರು ಹೇಳಿ ಹೊಸ ಪಂಪಿಗೂ ಅದೇ ಕೊಳೆ ಕುಡಿಸಿದಂತಾಯಿತು.

ಸರ್ಕಾರಕ್ಕೂ ನನ್ನದು ಅದೇ ಮಾತು, ಅಂಕಿ ತೋರಿಸಿ. ಒಂದು ಲೀಟರ್ ಎಥನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ. ಶೇ. 20ರಲ್ಲಿ ಮೂರನೇ ಒಂದು ಎಂದರೆ ಆರೂವರೆಯ ಮೇಲೆ. ನೀತಿ ಆಯೋಗದ 2021ರ ವರದಿಯೂ ಹಳೆಯ ಬಗೆಯ ಕಾರುಗಳಿಗೆ ಮೈಲೇಜ್ ಶೇ. 6ರಿಂದ 7ರಷ್ಟು ಇಳಿಯಬಹುದು ಎಂದೇ ಬರೆದಿತ್ತು. ಎಥನಾಲ್ ಇಲ್ಲದ ಪೆಟ್ರೋಲಿನ ಆಯ್ಕೆಯನ್ನೂ ಕೊಡಿ, ಬಂಕಿನಲ್ಲಿ ಪ್ರಮಾಣ ಬರೆದು ಹಾಕಿ ಎಂದು ಕೇಳಿದ ಅರ್ಜಿ 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ವಜಾ ಆಯಿತು. ಕಬ್ಬಿನ ರೈತನಿಗೆ ದುಡ್ಡು ಸಿಗಲಿ, ನನ್ನ ತಕರಾರಿಲ್ಲ. ನಾನು ಕೊಳ್ಳುವ ಲೀಟರಿನಲ್ಲಿ ಏನು ಎಷ್ಟಿದೆ ಎಂದು ಬಂಕಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆಯುವುದಕ್ಕೆ ಏನು ಕಷ್ಟ?

ಕೆಲವರು ಹೇಳುತ್ತಾರೆ, "ಹಳೇ ಗಾಡಿ ಬಿಡ್ರಿ, ಪಂಪ್ ಹೇಗೂ ಒಂದು ದಿನ ಹೋಗುತ್ತೆ, ಹಾಕಿಸಿಬಿಡಿ." ಇದೇ ದೊಡ್ಡ ಮೋಸ. ಇಪ್ಪತ್ತು ವರ್ಷ ಬಾಳಿದ ಒರಿಜಿನಲ್ ಪಂಪು ತೆಗೆದು, ರಾಣಿಗಂಜಿನಲ್ಲೋ ಇನ್ನೆಲ್ಲೋ ಸಿಕ್ಕ ಹೆಸರಿಲ್ಲದ ಡೂಪ್ಲಿಕೇಟ್ ಹಾಕಿಸಿದರೆ ಗಾಡಿಯ ಆಯುಷ್ಯ ಹೆಚ್ಚಾಯಿತೋ ಕಡಿಮೆಯಾಯಿತೋ? ಜಪಾನಿನಲ್ಲಿ ಮಜ್ದಾ ಕಂಪನಿ 1989ರಲ್ಲಿ ಬಂದ ತನ್ನ ಎಂಎಕ್ಸ್-5 ಸ್ಪೋರ್ಟ್ಸ್ ಕಾರಿಗೆ ಭಾಗಗಳನ್ನು ಮತ್ತೆ ತಯಾರಿಸಿ ಕೊಡುತ್ತೇನೆ ಎಂದು 2017ರಲ್ಲಿ ಘೋಷಿಸಿತು. ನಮಗೆ ಅಂಥ ಭಾಗ್ಯ ಇಲ್ಲ. ಸ್ಯಾನ್ ಸ್ಟಾರ್ಮ್ ಇಟ್ಟುಕೊಂಡವರು ಯಾರ ಬಾಗಿಲು ಬಡಿಯಬೇಕು? ಇರುವ ಅಸಲಿ ಭಾಗವನ್ನು ಕಾಪಾಡಿಕೊಳ್ಳುವುದೇ ನಮ್ಮ ಉಳಿತಾಯ ಖಾತೆ.

ಕೊನೆಗೆ ನಮ್ಮವರಿಗೂ ಎರಡು ಮಾತು, ಬೇಜಾರಾದರೂ ಸರಿ. ಮೆಕ್ಯಾನಿಕ್ ಎಲ್ಲರೂ ಕಳ್ಳರಲ್ಲ. ಎರಡು ತಾಸು ಹುಡುಕಿ ತುಕ್ಕು ಹಿಡಿದ ಒಂದು ತಂತಿ ತೋರಿಸಿದವನಿಗೆ "ಬರೀ ನೋಡಿದ್ದಕ್ಕೆ 500 ಯಾಕೆ?" ಎಂದು ಚೌಕಾಸಿ ಮಾಡುವವರು ನಾವೇ. ಅದೇ ಡಬ್ಬಿಯಲ್ಲಿ ಹೊಸ ಪಂಪು ಕಂಡರೆ 18,000 ಎಣಿಸಿ ಕೊಡುತ್ತೇವೆ. ಹುಡುಕುವ ಕೆಲಸಕ್ಕೆ ಕೂಲಿ ಇಲ್ಲವೆಂದ ಮೇಲೆ ಅವನು ಯಾಕೆ ಹುಡುಕಬೇಕು? ಮನೆ ಸಾಲಕ್ಕೆ ವ್ಯಾಲ್ಯುಯೇಶನ್ ಫೀಸು ಕೊಡುವುದಿಲ್ಲವೇ ನಾವು? ಇಲ್ಲೂ ಕೊಡಿ.

ಹಾಗಾಗಿ ಇಷ್ಟು ಮಾಡಿ. ಪರೀಕ್ಷೆಯ ಕೂಲಿ ಬೇರೆ ಮಾತಾಡಿಕೊಳ್ಳಿ, ಒಪ್ಪಿದ್ದನ್ನು ಪೂರಾ ಕೊಡಿ. ಪಂಪಿನ ವೋಲ್ಟೇಜು, ಪೆಟ್ರೋಲಿನ ಒತ್ತಡ, ಎರಡೂ ಅಂಕಿ ಜಾಬ್ ಕಾರ್ಡಿನ ಮೇಲೆ ಬರೆಸಿ. ಪಂಪು ಬದಲಿಸಿದರೆ ಹಳೆಯದನ್ನು ಕೇಳಿ ಮನೆಗೆ ತನ್ನಿ. ಅಂಕಿ ಬರೆದುಕೊಡಲು ಒಲ್ಲೆ ಎಂದರೆ "ನಕ್ಕೋ ಭಾಯ್" ಎಂದು ನಗುತ್ತಲೇ ಕೀ ವಾಪಸ್ ಇಸಿದುಕೊಳ್ಳಿ.

ಏನಂತೀರಿ?