ನೂಲಿನಿಂದ ಸರಪಳಿಯವರೆಗೆ: ಮನೋರೋಗಿಯ ದಾರಿ ಬದಲಾಗಲಿ

ಹೆರಿಗೆಯಾಗಿ ತಿಂಗಳು ತುಂಬಿಲ್ಲ. ಸೊಸೆ ಮಾತು ನಿಲ್ಲಿಸಿದ್ದಾಳೆ. ಮಗು ಅತ್ತರೂ ಎತ್ತಿಕೊಳ್ಳುವುದಿಲ್ಲ. ಊಟ ಬೇಡ, ರಾತ್ರಿ ನಿದ್ದೆಯಿಲ್ಲ. ಮನೆಯವರು ಮೊದಲು ನೂಲು ಕಟ್ಟಿಸುತ್ತಾರೆ. ಅದು ಫಲಿಸದಿದ್ದರೆ ಇನ್ನೊಬ್ಬರಿಂದ ತಾಯತ, ಆ ಬಳಿಕ ದೂರದ ದರ್ಗಾದಲ್ಲಿ ನಲವತ್ತು ದಿನಗಳ ವಾಸ. ಕೈಯಲ್ಲಿದ್ದ ಹಣವೆಲ್ಲ ಕರಗಿದ ಮೇಲೆ, ಪರಿಚಯದವರು ಯಾರೂ ಕಾಣದ ನಗರವೊಂದರಲ್ಲಿ ಮನೋವೈದ್ಯರ ಬಾಗಿಲು ತಟ್ಟುತ್ತಾರೆ. ಅಷ್ಟರಲ್ಲಿ ಕಾಯಿಲೆ ಬಲಿತಿರುತ್ತದೆ. ಕೆಲವೊಮ್ಮೆ ದಾಂಪತ್ಯವೂ ಮುರಿದಿರುತ್ತದೆ. ಇಂತಹ ಮನೆಗಳು ನಮ್ಮ ಪಟ್ಟಣಗಳಲ್ಲಿ ಅಪರೂಪವೆಂದು ಯಾರೂ ಹೇಳಲಾರರು.

ಇದು ನಮ್ಮ ಸಮುದಾಯವೊಂದರ ಕಥೆಯಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಶೇಕಡಾ 10.6ರಷ್ಟು ಮಂದಿ ಒಂದಲ್ಲ ಒಂದು ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದರು. ಕಾಯಿಲೆಯ ಬಗೆಯನ್ನು ಅನುಸರಿಸಿ ಅವರಲ್ಲಿ ಶೇಕಡಾ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಜ್ವರಕ್ಕೆ, ಮುರಿದ ಎಲುಬಿಗೆ ಚಿಕಿತ್ಸೆ ಕೊಡಿಸದೆ ಇಷ್ಟು ಜನರನ್ನು ಮನೆಯಲ್ಲಿ ಕೂಡಿಹಾಕಿದ್ದರೆ ದೇಶ ಸುಮ್ಮನಿರುತ್ತಿತ್ತೇ?

ಮಾನಸಿಕ ಚಿಕಿತ್ಸೆಯೆಂದರೆ ಎತ್ತರದ ಗೋಡೆಗಳ ಆಸ್ಪತ್ರೆ ಎಂಬ ಭಯ ಇಂದಿಗೂ ಜನರಲ್ಲಿದೆ. ಆ ಗೋಡೆಯನ್ನು ದಾಟುವ ಪ್ರಯತ್ನ ನಮ್ಮ ನಾಡಿನಲ್ಲಿಯೇ ನಡೆದಿತ್ತು ಎಂಬುದು ಅನೇಕರಿಗೆ ಗೊತ್ತಿಲ್ಲ. 1985ರಿಂದ ನಿಮ್ಹಾನ್ಸ್‌ನ ತಜ್ಞರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಹಾಗೂ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ನೀಡಿದರು. ಕೆಲವೇ ಅಗತ್ಯ ಔಷಧಿಗಳು ಊರಿನ ಆರೋಗ್ಯ ಕೇಂದ್ರದಲ್ಲಿಯೇ ಸಿಗುವಂತಾಯಿತು. ತಜ್ಞರ ತಂಡ ಅವರ ಬೆನ್ನಿಗೆ ನಿಂತಿತು. ಈ ಮಾದರಿಯನ್ನು ಆಧರಿಸಿಯೇ ಕೇಂದ್ರ ಸರಕಾರವು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು. ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಮತ್ತು ದಾದಿಯರು ಒಂದು ತಂಡವಾಗಿ ಜನರ ಬಳಿಗೆ ಹೋಗಬೇಕು ಎಂಬುದೇ ಇದರ ತಿರುಳು. ಮಾತ್ರೆ ಬರೆದುಕೊಟ್ಟರೆ ಕೆಲಸ ಮುಗಿಯುವುದಿಲ್ಲ. ರೋಗಿ ಮಾತ್ರೆ ನಿಲ್ಲಿಸಿದಾಗ ಮನೆಗೆ ಬಂದು ವಿಚಾರಿಸುವವರು ಬೇಕು. ಅತ್ತೆಗೆ, ಗಂಡನಿಗೆ ಇದು ಸೋಗಲ್ಲ, ಕಾಯಿಲೆ ಎಂದು ತಿಳಿಹೇಳುವವರೂ ಬೇಕು.

ಹೀಗೆ ತಿಳಿಹೇಳುವವರಿಲ್ಲದ ಕಡೆ ಏನಾಗುತ್ತದೆ ಎಂಬುದನ್ನು ಎರ್ವಾಡಿ ತೋರಿಸಿಕೊಟ್ಟಿದೆ. ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಎರ್ವಾಡಿ ದರ್ಗಾಕ್ಕೆ ಕುಟುಂಬಗಳು ಜಾತಿಮತ ಭೇದವಿಲ್ಲದೆ ಮನೋರೋಗಿಗಳನ್ನು ಕರೆತರುತ್ತಿದ್ದವು. ಅವರನ್ನು ಇರಿಸಿಕೊಳ್ಳಲು ಸುತ್ತಮುತ್ತ ಖಾಸಗಿ ಆಶ್ರಯಗಳು ಹುಟ್ಟಿಕೊಂಡಿದ್ದವು. 2001ರ ಆಗಸ್ಟ್ 6ರ ಮುಂಜಾನೆ ಅಂತಹ ಒಂದು ಆಶ್ರಯಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಬಂಧಿತರಾಗಿದ್ದ 28 ಮಂದಿ ಓಡಲಾಗದೆ ಸುಟ್ಟು ಸತ್ತರು. ಅವರನ್ನು ಅಲ್ಲಿಗೆ ತಂದವರು ಶತ್ರುಗಳೇನಲ್ಲ, ಬೇರೆ ದಾರಿ ಕಾಣದ ತಂದೆತಾಯಿ, ಅಣ್ಣತಮ್ಮಂದಿರು.

ನಾವು ದುಆವನ್ನು ವಿರೋಧಿಸುತ್ತಿಲ್ಲ. ಆದರೆ ಔಷಧಿಯಿಲ್ಲದ ಕಾಯಿಲೆಯನ್ನು ಅಲ್ಲಾಹನು ಇಳಿಸಿಲ್ಲ, ಚಿಕಿತ್ಸೆ ಪಡೆಯಿರಿ ಎಂಬ ಆಶಯದ ಬೋಧನೆಯನ್ನು ನೀಡಿದವರೂ ಪ್ರವಾದಿಯವರೇ(ಸ) ಅಲ್ಲವೇ? 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೂ ಸ್ಥಳವಿತ್ತು. ಆ ಪರಂಪರೆಯ ವಾರಸುದಾರರು ಚಿಕಿತ್ಸೆಯನ್ನು ಈಮಾನಿನ ಕೊರತೆ ಎಂದು ಭಾವಿಸುವುದು ವಿಪರ್ಯಾಸವೇ ಸರಿ. ಗುಜರಾತಿನ ಉನಾವಾದಲ್ಲಿರುವ ಮೀರಾ ದಾತಾರ್ ದರ್ಗಾದಲ್ಲಿ 'ದವಾ-ದುಆ' ಎಂಬ ಕಾರ್ಯಕ್ರಮ ನಡೆಯಿತು. ಅಲ್ಲಿನ ಮುಜಾವರರಿಗೆ ಕಾಯಿಲೆಯ ಲಕ್ಷಣಗಳನ್ನು ಗುರುತಿಸಲು ಕಲಿಸಲಾಯಿತು. ಅವರೇ ರೋಗಿಗಳನ್ನು ದರ್ಗಾದ ಆವರಣದಲ್ಲಿದ್ದ ಮನೋವೈದ್ಯರ ಬಳಿಗೆ ಕಳುಹಿಸಿದರು. ದುಆ ನಿಲ್ಲಲಿಲ್ಲ, ದವಾ ಕೂಡ ಸಿಕ್ಕಿತು.

ಇನ್ನು ಸರಕಾರದ ಮಾತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು 2018ರ ಮೇ 29ರಂದು ಜಾರಿಗೆ ಬಂತು. ಸರಕಾರಿ ವ್ಯವಸ್ಥೆಯಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವುದನ್ನು ಅದು ಪ್ರಜೆಯ ಹಕ್ಕಾಗಿಸಿತು. ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿತು. ಜಾರಿಗೆ ಬಂದ ಹತ್ತು ವರ್ಷಗಳೊಳಗೆ ಅಂತಾರಾಷ್ಟ್ರೀಯ ಮಾನದಂಡಕ್ಕೆ ತಕ್ಕಷ್ಟು ಮಾನಸಿಕ ಆರೋಗ್ಯ ವೃತ್ತಿಪರರನ್ನು ಒದಗಿಸಲು ಸರಕಾರಗಳು ಪ್ರಯತ್ನಿಸಬೇಕೆಂದೂ ಹೇಳಿತು. ಅಂದರೆ ಗಡುವು 2028ರ ಮೇ. ನಮ್ಮ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ, ಔಷಧಿ ದಾಸ್ತಾನಿದೆಯೇ, ಸಮಾಜ ಕಾರ್ಯಕರ್ತರ ಹುದ್ದೆ ಭರ್ತಿಯಾಗಿದೆಯೇ ಎಂದು ಮತ ಕೇಳಲು ಬಂದ ಯಾವ ಅಭ್ಯರ್ಥಿಯನ್ನಾದರೂ ನಾವು ಪ್ರಶ್ನಿಸಿದ್ದೇವೆಯೇ? ಖಬರಸ್ತಾನದ ಆವರಣ ಗೋಡೆಗೆ ಮನವಿ ಬರೆಯುವ ನಮ್ಮ ಜಮಾಅತ್ ಸಮಿತಿಗಳು ಜೀವಂತ ಇರುವವರಿಗಾಗಿಯೂ ಒಂದು ಮನವಿ ಬರೆಯಬಾರದೇಕೆ?

ಆ ಸೊಸೆಯ ಮನೆಗೆ ಮರಳೋಣ. ಹೆರಿಗೆಯಾದ 42 ದಿನಗಳೊಳಗೆ ತಾಯಿ-ಮಗುವನ್ನು ನೋಡಲು ಆಶಾ ಕಾರ್ಯಕರ್ತೆ ಆರು ಬಾರಿ ಮನೆಗೆ ಬರಬೇಕೆಂಬ ನಿಯಮವಿದೆ. ಆಕೆ ಮಗುವಿನ ತೂಕ ನೋಡುತ್ತಾಳೆ. ತಾಯಿಯ ನಿದ್ದೆ, ಅಳು, ಮೌನಗಳ ಬಗೆಗೂ ವಿಚಾರಿಸುವಂತೆ ಆಕೆಗೆ ಉತ್ತಮ ತರಬೇತಿ ಮತ್ತು ನ್ಯಾಯವಾದ ಸಂಬಳ ನೀಡುವುದು ಸರಕಾರದ ಹೊಣೆ. ಆಕೆ ಕೇಳಿದಾಗ 'ಏನೂ ಇಲ್ಲ, ಚೆನ್ನಾಗಿದ್ದಾಳೆ' ಎಂದು ಬಾಗಿಲು ಮುಚ್ಚದಿರುವುದು ನಮ್ಮ ಹೊಣೆ. ಹೊರಗೆ ಹೋಗಲು ಸಂಕೋಚವಿದ್ದರೆ 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಈ ಉಚಿತ ಸೇವೆಯಲ್ಲಿ ಹಗಲಿರುಳು ಆಪ್ತಸಮಾಲೋಚಕರು ಮಾತನಾಡುತ್ತಾರೆ.

ಖತೀಬರು ವರ್ಷಕ್ಕೊಂದು ಜುಮಾ ಖುತ್ಬಾವನ್ನು ಈ ವಿಷಯಕ್ಕೆ ಮೀಸಲಿಡಲಿ. ಮಸೀದಿಯ ಸೂಚನಾ ಫಲಕದಲ್ಲಿ ನಮಾಝಿನ ವೇಳೆಯ ಕೆಳಗೆ ಆ ಐದು ಅಂಕಿಗಳನ್ನೂ ಬರೆದಿಡಲಿ. ನೂಲು ಕಟ್ಟಿಸಿಕೊಳ್ಳಲು ಬಂದ ತಾಯಿಗೆ ನಮ್ಮ ಉಸ್ತಾದರೊಬ್ಬರು 'ಮೊದಲು ಡಾಕ್ಟರಿಗೆ ತೋರಿಸಿ, ದುಆವನ್ನು ನಾನು ಮಾಡುತ್ತೇನೆ' ಎಂದು ಹೇಳಿದರೆ ಒಂದು ಮನೆ ಉಳಿಯುತ್ತದೆ.