ದುಬೈಯೋ ಸಿಂಗಪುರವೋ: ಶಾಲೆಗೆ ಮೊದಲು ಹನ್ನೆರಡನೇ ತರಗತಿಯ ನಂತರದ ಲೆಕ್ಕ



ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿ, ಮೈಸೂರು ಎನ್ನದೆ ನಮ್ಮ ಸಮಾಜದ ಅನೇಕ ಯುವ ದಂಪತಿಗಳು ಇಂದು ಉದ್ಯೋಗ, ವ್ಯಾಪಾರಕ್ಕಾಗಿ ವಿದೇಶಕ್ಕೆ ಹೋಗುತ್ತಿದ್ದಾರೆ. ಮಕ್ಕಳು ಚಿಕ್ಕವರಿದ್ದರೆ ಹೆಚ್ಚಾಗಿ ಕೇಳಿಬರುವ ಹೆಸರು ಎರಡು: ದುಬೈ ಮತ್ತು ಸಿಂಗಪುರ. ಎರಡೂ ಕೆಲವೇ ಗಂಟೆಗಳ ವಿಮಾನ ಪ್ರಯಾಣದ ದೂರದಲ್ಲಿವೆ, ಎರಡರಲ್ಲೂ ಭಾರತೀಯರು ತುಂಬಾ ಇದ್ದಾರೆ, ಸಸ್ಯಾಹಾರಕ್ಕೂ ಕೊರತೆಯಿಲ್ಲ. ಹಾಗಾಗಿ "ಯಾವ ಊರಿನಲ್ಲಿ ಶಾಲೆ ಚೆನ್ನಾಗಿದೆ?" ಎಂಬ ಪ್ರಶ್ನೆಯೇ ಮೊದಲು ಬರುತ್ತದೆ. ಒಳ್ಳೆಯ ಶಾಲೆಗಳು ಎರಡೂ ಕಡೆ ಇವೆ. ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ. ಹನ್ನೆರಡನೇ ತರಗತಿ ಮುಗಿದ ಮೇಲೆ ಮಗು ಎಲ್ಲಿ ಓದಬೇಕು? ಅದಕ್ಕೆ ಉತ್ತರ ಸಿಕ್ಕರೆ ಊರು, ಶಾಲೆ, ಪಠ್ಯಕ್ರಮ ಮೂರನ್ನೂ ಆರಿಸುವುದು ಸುಲಭ.

ದುಬೈ: ಆಯ್ಕೆ ಹೆಚ್ಚು, ಬೆಲೆ ಬಹಿರಂಗ

ದುಬೈನಲ್ಲಿ ವಿದೇಶಿ ಕುಟುಂಬಗಳ ಮಕ್ಕಳು ಓದುವುದು ಖಾಸಗಿ ಶಾಲೆಗಳಲ್ಲಿ. ಬ್ರಿಟಿಷ್, ಅಮೆರಿಕನ್, ಐಬಿ ಪಠ್ಯಕ್ರಮಗಳ ಜೊತೆಗೆ ನಮ್ಮ ಸಿಬಿಎಸ್‌ಇ ಶಾಲೆಗಳೂ ಸಾಕಷ್ಟಿವೆ. ಇವುಗಳ ಉಸ್ತುವಾರಿ ಕೆಎಚ್‌ಡಿಎ ಎಂಬ ಸರ್ಕಾರಿ ಪ್ರಾಧಿಕಾರದ್ದು. ಇದು ಶಾಲೆಗಳನ್ನು ತಪಾಸಣೆ ಮಾಡಿ 'ಔಟ್‌ಸ್ಟ್ಯಾಂಡಿಂಗ್', 'ವೆರಿ ಗುಡ್', 'ಗುಡ್', 'ಆಕ್ಸೆಪ್ಟಬಲ್', 'ವೀಕ್' ಎಂದು ದರ್ಜೆ ಕೊಡುತ್ತದೆ. ದರ್ಜೆ, ವರದಿ, ಶುಲ್ಕ ಎಲ್ಲವೂ ಅದರ ಜಾಲತಾಣದಲ್ಲಿ ಯಾರು ಬೇಕಾದರೂ ನೋಡುವಂತಿವೆ. 2024-25ರಲ್ಲಿ ಬಹುತೇಕ ಶಾಲೆಗಳ ಪೂರ್ಣ ತಪಾಸಣೆ ನಡೆದಿಲ್ಲ. ಆದ್ದರಿಂದ ದರ್ಜೆಯ ಜೊತೆಗೆ ಅದು ಯಾವ ವರ್ಷದ್ದೆಂದೂ ಗಮನಿಸಬೇಕು.

ಶುಲ್ಕ ಏರಿಕೆಗೂ ಅಲ್ಲಿ ಮಿತಿಯಿದೆ. ಪ್ರತಿವರ್ಷ ಪ್ರಕಟವಾಗುವ ಶಿಕ್ಷಣ ವೆಚ್ಚ ಸೂಚ್ಯಂಕದ ಆಧಾರದ ಮೇಲೆ ಏರಿಕೆ ನಿಗದಿಯಾಗುತ್ತದೆ. ಈ ಸೂಚ್ಯಂಕ 2024-25ಕ್ಕೆ ಶೇ. 2.6, 2025-26ಕ್ಕೆ ಶೇ. 2.35 ಇತ್ತು. ಐದು ವರ್ಷದ ಖರ್ಚನ್ನು ಮೊದಲೇ ಅಂದಾಜು ಮಾಡಬೇಕಾದವರಿಗೆ ಇದು ದೊಡ್ಡ ಅನುಕೂಲ. ಸಿಬಿಎಸ್‌ಇ ಶಾಲೆಗಳಲ್ಲಿ ವರ್ಷಕ್ಕೆ ಹತ್ತು ಸಾವಿರ ದಿರ್ಹಮ್ ಆಸುಪಾಸಿನವೂ ಇವೆ, ಹೆಸರಾಂತ ಬ್ರಿಟಿಷ್ ಹಾಗೂ ಐಬಿ ಶಾಲೆಗಳ ಮೇಲಿನ ತರಗತಿಗಳಲ್ಲಿ ಒಂದು ಲಕ್ಷ ದಿರ್ಹಮ್ ದಾಟುವವೂ ಇವೆ. ವೈಯಕ್ತಿಕ ಆದಾಯ ತೆರಿಗೆ ಇಲ್ಲ ಎಂದು ಹಿಗ್ಗುವವರು ಮನೆ ಬಾಡಿಗೆ ಮತ್ತು ಶಾಲಾ ಶುಲ್ಕ ಕಳೆದು ಉಳಿತಾಯ ಎಷ್ಟೆಂದು ನೋಡಬೇಕು.

ಒಂಬತ್ತನೇ ತರಗತಿಯವರೆಗೆ ಅರೇಬಿಕ್ ಭಾಷೆ ಕಡ್ಡಾಯ. ಇಸ್ಲಾಮಿಕ್ ಅಧ್ಯಯನ ಮುಸ್ಲಿಂ ಮಕ್ಕಳಿಗೆ ಮಾತ್ರ, ನಮ್ಮ ಮಕ್ಕಳಿಗಲ್ಲ.

ಸಿಂಗಪುರ: ಶಿಸ್ತು ಹೆಚ್ಚು, ಬಾಗಿಲು ಕಿರಿದು

ಸಿಂಗಪುರದ ಸರ್ಕಾರಿ ಶಾಲೆಗಳು ಜಗತ್ತಿನಲ್ಲೇ ಹೆಸರು ಮಾಡಿವೆ. ಆದರೆ ವಿದೇಶಿ ಮಕ್ಕಳಿಗೆ ಅಲ್ಲಿ ಸೀಟು ಸಿಗುವುದು ಸುಲಭವಲ್ಲ. ಒಂದನೇ ತರಗತಿಗೆ ಸ್ಥಳೀಯರ ಸರದಿ ಮುಗಿದ ಮೇಲೆ ಉಳಿದದ್ದು ಮಾತ್ರ ವಿದೇಶಿಯರಿಗೆ. ಮೇಲಿನ ತರಗತಿಗಳಿಗೆ ಎಇಐಎಸ್ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಪಾಸಾದರೂ ಬೇಕಾದ ಶಾಲೆಯೇ ಸಿಗುವ ಖಾತರಿಯಿಲ್ಲ. ಶೈಕ್ಷಣಿಕ ವರ್ಷ ಶುರುವಾಗುವುದು ಜನವರಿಯಲ್ಲಿ. ಭಾರತೀಯ ಮಕ್ಕಳಿಗೆ ಶುಲ್ಕ ಸ್ಥಳೀಯರಿಗಿಂತ ಬಹಳ ಹೆಚ್ಚು.

ಆದ್ದರಿಂದ ಹೆಚ್ಚಿನವರು ಅಂತರರಾಷ್ಟ್ರೀಯ ಶಾಲೆಗೇ ಹೋಗುತ್ತಾರೆ. ದೊಡ್ಡ ಹೆಸರಿನ ಶಾಲೆಗಳಲ್ಲಿ ಶುಲ್ಕ ವರ್ಷಕ್ಕೆ 40,000 ಸಿಂಗಪುರ ಡಾಲರ್ ಮೀರುತ್ತದೆ. 2002ರಲ್ಲಿ ಅಲ್ಲೇ ಆರಂಭವಾದ ಗ್ಲೋಬಲ್ ಇಂಡಿಯನ್ ಇಂಟರ್‌ನ್ಯಾಷನಲ್ ಸ್ಕೂಲ್‌ನಂತಹ ಭಾರತೀಯ ಮೂಲದ ಶಾಲೆಗಳಲ್ಲಿ ಸಿಬಿಎಸ್‌ಇ ಸಹ ಇದೆ, ಶುಲ್ಕವೂ ಅದಕ್ಕಿಂತ ಕಡಿಮೆ. ದುಬೈನಂತೆ ಶುಲ್ಕ ಏರಿಕೆಗೆ ಸರ್ಕಾರದ ಸೂಚ್ಯಂಕ ಇಲ್ಲಿಲ್ಲ. ಕಟ್ಟಿದ ಹಣ ಮುಳುಗದಂತೆ ಶುಲ್ಕ ರಕ್ಷಣಾ ಯೋಜನೆ ಇದೆ. ಶಾಲೆ ಅದರಲ್ಲಿದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ.

ಕುಟುಂಬ ಕರೆದೊಯ್ಯಲು ಸಂಬಳದ ಷರತ್ತೂ ಇದೆ. ಹೆಂಡತಿ ಮಕ್ಕಳಿಗೆ ತಿಂಗಳಿಗೆ ಕನಿಷ್ಠ 6,000 ಸಿಂಗಪುರ ಡಾಲರ್, ತಂದೆ ತಾಯಿಯನ್ನೂ ಇಟ್ಟುಕೊಳ್ಳಬೇಕೆಂದರೆ 12,000 ಡಾಲರ್ ಸಂಬಳವಿರಬೇಕು. ದುಬೈನಲ್ಲಿ ಹೆಂಡತಿ ಮಕ್ಕಳಿಗೆ 4,000 ದಿರ್ಹಮ್ (ವಸತಿ ಕೊಟ್ಟಿದ್ದರೆ 3,000) ಸಾಕು. ಮಗುವಿಗೆ ಧರ್ಮದ ಪಾಠ ಹೇಳಿಕೊಡುವವರು ಮನೆಯ ಅಜ್ಜ ಅಜ್ಜಿಯೇ ಆಗಿದ್ದರೆ ಇದು ಬರೀ ಹಣದ ಮಾತಾಗಿ ಉಳಿಯುವುದಿಲ್ಲ.

ಗಂಡು ಮಕ್ಕಳ ಸೇನಾ ಸೇವೆ

ಕೆಲವು ವರ್ಷ ಸಿಂಗಪುರದಲ್ಲಿದ್ದವರಿಗೆ ಕಾಯಂ ನಿವಾಸ (ಪಿಆರ್) ಪಡೆಯುವ ಆಸೆ ಬರುವುದು ಸಹಜ. ಅರ್ಜಿಗೆ ಸಹಿ ಹಾಕುವ ಮೊದಲು ಒಂದು ವಿಷಯ ತಿಳಿದಿರಬೇಕು. ತಂದೆ ತಾಯಿಯ ಆಧಾರದ ಮೇಲೆ ಪಿಆರ್ ಪಡೆದ ಗಂಡು ಮಕ್ಕಳು ಹದಿನೆಂಟು ತುಂಬಿದ ಮೇಲೆ ಎರಡು ವರ್ಷ ರಾಷ್ಟ್ರೀಯ ಸೇವೆ ಮಾಡಬೇಕು. ಸೇನೆ, ಪೊಲೀಸ್ ಅಥವಾ ನಾಗರಿಕ ರಕ್ಷಣಾ ದಳ, ಯಾವುದಕ್ಕೆ ಎಂಬುದನ್ನು ಸರ್ಕಾರ ತೀರ್ಮಾನಿಸುತ್ತದೆ. ಆಮೇಲೂ ಹಲವು ವರ್ಷ ಮೀಸಲು ಕರೆ ಇರುತ್ತದೆ. ಸೇವೆ ಮಾಡದೆ ಪಿಆರ್ ಬಿಟ್ಟುಕೊಟ್ಟರೆ ಮುಂದೆ ಅಲ್ಲಿ ಓದಲು, ದುಡಿಯಲು ಹಾಕುವ ಅರ್ಜಿಗೆ ತೊಂದರೆಯಾಗುತ್ತದೆ.

ಧರ್ಮ ಇದನ್ನು ನಿಷೇಧಿಸುತ್ತದೆ ಎಂದು ಒಂದೇ ಮಾತಿನಲ್ಲಿ ಹೇಳಲಾಗದು. ಶ್ರವಣಬೆಳಗೊಳದ ಗೊಮ್ಮಟೇಶ್ವರನನ್ನು ಪ್ರತಿಷ್ಠಾಪಿಸಿದ ಚಾವುಂಡರಾಯ ಗಂಗರ ಸೇನಾಪತಿಯಾಗಿದ್ದವನು. ಗೃಹಸ್ಥನಿಗೆ ರಕ್ಷಣೆಗಾಗಿ ಒದಗುವ ವಿರೋಧಿ ಹಿಂಸೆಯನ್ನು ನಮ್ಮ ಆಚಾರ್ಯರು ಸಂಕಲ್ಪಿ ಹಿಂಸೆಯಿಂದ ಬೇರೆಯಾಗಿಯೇ ಹೇಳಿದ್ದಾರೆ. ಆದರೆ ಐದು ವರ್ಷದ ಮಗನ ಹೆಸರಿನಲ್ಲಿ ಹದಿನೆಂಟನೆಯ ವಯಸ್ಸಿನ ಬಾಧ್ಯತೆಗೆ ಒಪ್ಪುತ್ತಿದ್ದೇವೆ ಎಂಬ ಅರಿವು ಇರಲೇಬೇಕು. ದುಬೈನಲ್ಲಿ ನಮ್ಮವರಿಗೆ ಈ ಪ್ರಶ್ನೆ ಏಳುವುದಿಲ್ಲ. ಅಲ್ಲಿ ಪೌರತ್ವ ಸಿಗುವುದು ಅಪರೂಪ, ಬಹುತೇಕರು ಒಂದು ದಿನ ವಾಪಸು ಬರುವವರೇ.

ವಾಪಸು ಬರುವವರಿಗೆ ಏಳು ವರ್ಷದ ಲೆಕ್ಕ

ಹೆಚ್ಚಿನ ತಂದೆ ತಾಯಿ ಗಮನಿಸದೆ ಹೋಗುವುದು ನಮ್ಮ ರಾಜ್ಯದ್ದೇ ನಿಯಮವನ್ನು. ಕೆಇಎ ಮೂಲಕ ಎಂಜಿನಿಯರಿಂಗ್, ವೈದ್ಯಕೀಯ ಮುಂತಾದ ಸರ್ಕಾರಿ ಕೋಟಾ ಸೀಟಿಗೆ ಅರ್ಹತೆ ಪಡೆಯಲು ಸಾಮಾನ್ಯ ನಿಯಮ ಹೀಗಿದೆ: ಒಂದರಿಂದ ಹನ್ನೆರಡನೇ ತರಗತಿಯೊಳಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು ಮತ್ತು ಹತ್ತನೇ ಅಥವಾ ಹನ್ನೆರಡನೇ ತರಗತಿಯನ್ನು ಕರ್ನಾಟಕದಲ್ಲೇ ಪಾಸಾಗಿರಬೇಕು.

ಇದನ್ನು ಲೆಕ್ಕಕ್ಕೆ ತನ್ನಿ. ಐದನೇ ತರಗತಿ ಇಲ್ಲಿ ಮುಗಿಸಿ ಹೋದ ಮಗು ಪಿಯುಸಿಯ ಎರಡು ವರ್ಷಕ್ಕೆ ವಾಪಸು ಬಂದರೆ ಐದು ಮತ್ತು ಎರಡು, ಏಳು ವರ್ಷ ಆಯಿತು. ಎರಡನೇ ತರಗತಿಗೇ ಹೋದ ಮಗುವಿಗೆ ಈ ದಾರಿ ಇಲ್ಲ. ಆದರೆ ತಂದೆ ಅಥವಾ ತಾಯಿ ಕರ್ನಾಟಕದಲ್ಲಿ ಏಳು ವರ್ಷ ಓದಿದ್ದರೆ, ಮಗು ಹನ್ನೊಂದು, ಹನ್ನೆರಡು ಎರಡನ್ನೂ ಇಲ್ಲೇ ಓದಿದರೆ ಅರ್ಹತೆ ಸಿಗುವ ಇನ್ನೊಂದು ಕಲಮು ಇದೆ. ಅದಕ್ಕೆ ತಂದೆ ತಾಯಿಯ ಹಳೆಯ ಶಾಲೆಯ ವ್ಯಾಸಂಗ ಪ್ರಮಾಣಪತ್ರ ಬೇಕು. ವಿದೇಶಕ್ಕೆ ಹೊರಡುವ ಮುಂಚೆಯೇ ತೆಗೆದಿಟ್ಟುಕೊಳ್ಳಿ. ಅರ್ಜಿ ಹಾಕುವಾಗ ಆ ವರ್ಷದ ಮಾಹಿತಿ ಪುಸ್ತಕ ನೋಡುವುದನ್ನೂ ಮರೆಯಬೇಡಿ.

ರಾಜ್ಯದಲ್ಲಿ ದಿಗಂಬರ ಜೈನರಿಗೆ ಇರುವ 3ಬಿ ಮೀಸಲಾತಿಯೂ ಈ ಅರ್ಹತೆ ಇದ್ದರೆ ಮಾತ್ರ ಉಪಯೋಗಕ್ಕೆ ಬರುತ್ತದೆ. ಅರ್ಹತೆ ತಪ್ಪಿದರೆ ಉಳಿಯುವುದು ದುಬಾರಿ ಎನ್‌ಆರ್‌ಐ ಸೀಟು, ಅಥವಾ ಅಖಿಲ ಭಾರತ ಮಟ್ಟದ ಪೈಪೋಟಿ. ಐಬಿ ಡಿಪ್ಲೊಮಾಗೆ ಭಾರತದಲ್ಲಿ ಮಾನ್ಯತೆಯಿದೆ. ಆದರೆ ಅದರ ಫಲಿತಾಂಶ ಬರುವುದು ಜುಲೈ ಮೊದಲ ವಾರದಲ್ಲಿ, ಇಲ್ಲಿನ ಪ್ರವೇಶ ಪ್ರಕ್ರಿಯೆ ಅಷ್ಟು ಹೊತ್ತಿಗೆ ಮುಂದೆ ಸಾಗಿರುತ್ತದೆ.

ಆಚಾರ ಮತ್ತು ಭಾಷೆ

ರಾತ್ರಿ ಭೋಜನ ತ್ಯಾಗ ಪಾಲಿಸುವ ಮನೆಗಳಿಗೆ ಸೂರ್ಯಾಸ್ತವೂ ಮುಖ್ಯ. ಭೂಮಧ್ಯರೇಖೆಯ ಹತ್ತಿರವಿರುವ ಸಿಂಗಪುರದಲ್ಲಿ ವರ್ಷವಿಡೀ ಸಂಜೆ ಏಳರ ಆಸುಪಾಸಿಗೆ ಸೂರ್ಯ ಮುಳುಗುತ್ತಾನೆ. ದುಬೈನ ಚಳಿಗಾಲದಲ್ಲಿ ಐದೂವರೆಗೇ ಮುಳುಗುತ್ತಾನೆ. ಸಂಜೆ ಆಟ, ಟ್ಯೂಷನ್ ಇರುವ ಮಗುವಿಗೆ ಡಬ್ಬಿ ಕಟ್ಟಿಕೊಡಬೇಕಾಗುತ್ತದೆ. ಆಗಸ್ಟ್‌ನಲ್ಲಿ ಹೊಸ ವರ್ಷ ಆರಂಭಿಸುವ ಶಾಲೆಗಳಲ್ಲಿ ಪರ್ಯುಷಣ, ದಶಲಕ್ಷಣ ಪರ್ವಗಳು ಬರುವುದು ಮಗು ಇನ್ನೂ ಹೊಸ ತರಗತಿಗೆ ಹೊಂದಿಕೊಳ್ಳುತ್ತಿರುವಾಗಲೇ. ಉಪವಾಸ, ಏಕಾಶನದ ವಿಷಯ ಶಿಕ್ಷಕರಿಗೆ ಮೊದಲೇ ತಿಳಿಸಿರಬೇಕು.

ಸಿಂಗಪುರದಲ್ಲಿ ಜೈನ್ ರಿಲಿಜಿಯಸ್ ಸೊಸೈಟಿ ಇದೆ. ಅಲ್ಲಿನ ಅಂತರಧರ್ಮೀಯ ಸಂಸ್ಥೆ ಪ್ರತಿನಿಧಿಸುವ ಹತ್ತು ಧರ್ಮಗಳಲ್ಲಿ ನಮ್ಮದೂ ಒಂದು. ದುಬೈನಲ್ಲಿ ಪೂಜಾಸ್ಥಳಗಳಿಗೆ ಸರ್ಕಾರದ ಪರವಾನಗಿ ಬೇಕು, ಬಹಿರಂಗ ಧರ್ಮಪ್ರಚಾರಕ್ಕೆ ಅವಕಾಶವಿಲ್ಲ. ಆದ್ದರಿಂದ ಮನೆಯೇ ಪಾಠಶಾಲೆಯಾಗಬೇಕು. ಭಾಷೆಯ ವಿಷಯದಲ್ಲಿ, ಸಿಂಗಪುರದ ಸರ್ಕಾರಿ ಶಾಲೆಗಳಲ್ಲಿ ಮಾತೃಭಾಷೆಯಾಗಿ ತಮಿಳು, ಹಿಂದಿ, ಗುಜರಾತಿ ಮುಂತಾದವನ್ನು ತೆಗೆದುಕೊಳ್ಳಬಹುದು, ಕನ್ನಡಕ್ಕೆ ಆ ಸ್ಥಾನವಿಲ್ಲ. ದುಬೈನಲ್ಲಿ ಕನ್ನಡ ಮಿತ್ರರು ಸಂಘಟನೆ ಕನ್ನಡ ಪಾಠಶಾಲೆ ನಡೆಸುತ್ತಿದೆ.

ಹಾಗಾದರೆ ಯಾವುದು?

ಐದಾರು ವರ್ಷ ದುಡಿದು ವಾಪಸು ಬರುವ ಯೋಚನೆಯಿದ್ದರೆ ದುಬೈ ಮತ್ತು ಸಿಬಿಎಸ್‌ಇ ಸರಿಯಾದ ಜೋಡಿ. ಮಗುವನ್ನು ವಿದೇಶದ ವಿಶ್ವವಿದ್ಯಾಲಯಕ್ಕೇ ಕಳಿಸುವುದು ಖಚಿತವಿದ್ದು, ಕಂಪನಿ ಶಾಲಾ ಶುಲ್ಕ ಕೊಡುತ್ತಿದ್ದರೆ ಸಿಂಗಪುರ ಒಳ್ಳೆಯದು. ಶುಲ್ಕ ಕೊಡುವ ಮಾತು ಬಾಯಿಮಾತಿನಲ್ಲಿ ಉಳಿಯದೆ ನೇಮಕಾತಿ ಪತ್ರದಲ್ಲೇ ಬರೆದಿರಲಿ. ಎರಡೂ ಕಡೆ ವೀಸಾ ಉದ್ಯೋಗಕ್ಕೆ ಅಂಟಿಕೊಂಡಿದೆ. ಸಿಂಗಪುರದಲ್ಲಿ ಕೆಲಸ ಹೋದರೆ ಸಾಮಾನ್ಯವಾಗಿ 30 ದಿನದೊಳಗೆ ಬೇರೆ ದಾರಿ ನೋಡಬೇಕು. ಒಂದು ವರ್ಷದ ಶುಲ್ಕದಷ್ಟು ಹಣ ಪ್ರತ್ಯೇಕವಾಗಿ ಇಟ್ಟುಕೊಂಡೇ ಹೊರಡಿ.

ಗಟ್ಟಿ ಮನಸ್ಸಿನಿಂದ ತೀರ್ಮಾನಿಸಲಾಗದವರು ಕನಿಷ್ಠ ವಾಪಸು ಬರುವ ಬಾಗಿಲನ್ನಾದರೂ ಮುಚ್ಚಿಕೊಳ್ಳಬಾರದು. ವರ್ಗಾವಣೆ ಪತ್ರ, ಜಾತಿ ಪ್ರಮಾಣಪತ್ರ, ವ್ಯಾಸಂಗ ಪ್ರಮಾಣಪತ್ರ ಒಂದು ಕಡತದಲ್ಲಿರಲಿ. ಎಂಟನೇ ತರಗತಿ ಮುಗಿಯುವ ಹೊತ್ತಿಗೆ ಮನೆಯವರೆಲ್ಲ ಮಗುವಿನ ಜೊತೆ ಕೂತು ಮುಂದಿನ ಊರು ಯಾವುದೆಂದು ತೀರ್ಮಾನ ಮಾಡಿ.