ಪಣವಿಲ್ಲದ ದಾಳ

ದಾಳವೆಂದೊಡನೆ ನಮ್ಮ ಮನೆಗಳ ಹಿರಿಯರು ಹುಬ್ಬು ಗಂಟಿಕ್ಕುವುದು ಸಹಜವೇ. ಧರ್ಮರಾಯನಂಥ ಧರ್ಮರಾಯನೇ ದಾಳದ ಮುಂದೆ ರಾಜ್ಯವನ್ನೂ ತಮ್ಮಂದಿರನ್ನೂ ಕೊನೆಗೆ ದ್ರೌಪದಿಯನ್ನೂ ಸೋತು ಕುಳಿತ ಕಥೆಯನ್ನು ಕೇಳಿ ಬೆಳೆದ ಜನ ನಾವು. ಋಗ್ವೇದದಲ್ಲಿಯೂ ಜೂಜುಗಾರನೊಬ್ಬನ ಪ್ರಲಾಪಕ್ಕೆ ಒಂದು ಸೂಕ್ತವೇ ಮೀಸಲಾಗಿದೆ. ಹೀಗಿರುವಾಗ, ಕಾಲೇಜಿಗೆ ಹೋಗುವ ಮಗನೋ ಮಗಳೋ ಇಪ್ಪತ್ತು ಮುಖಗಳ ವಿಚಿತ್ರ ದಾಳವೊಂದನ್ನು ಮನೆಗೆ ತಂದು, ಪ್ರತಿ ವಾರವೂ ಗೆಳೆಯರೊಡನೆ ನಾಲ್ಕು ಗಂಟೆಗಳ ಕಾಲ ಅದರ ಸುತ್ತ ಕುಳಿತರೆ ತಂದೆತಾಯಿಗಳಿಗೆ ಗಾಬರಿಯಾಗದಿದ್ದೀತೆ?

ಆದರೆ ಈ ಆಟದಲ್ಲಿ ಪಣವೆಂಬುದಿಲ್ಲ. ಸೋಲು ಗೆಲುವುಗಳೂ ನಮಗೆ ಪರಿಚಿತವಾದ ಬಗೆಯವಲ್ಲ. ಒಬ್ಬರು ಸೂತ್ರಧಾರರಾಗಿ ಕಥೆಯ ಸನ್ನಿವೇಶವನ್ನು ವರ್ಣಿಸುತ್ತಾರೆ. ಉಳಿದ ನಾಲ್ಕೈದು ಮಂದಿ ಒಂದೊಂದು ಪಾತ್ರವನ್ನು ವಹಿಸಿಕೊಂಡು, 'ನಾನು ಹೀಗೆ ಮಾಡುತ್ತೇನೆ' ಎನ್ನುತ್ತಾರೆ. ಮಾಡಹೊರಟುದು ಕೈಗೂಡುವುದೋ ಇಲ್ಲವೋ ಎಂಬ ಸಂಶಯವಿದ್ದಲ್ಲಿ ಮಾತ್ರ ದಾಳ ಉರುಳುತ್ತದೆ. ವೇಷವಿಲ್ಲ, ರಂಗವಿಲ್ಲ, ಪ್ರೇಕ್ಷಕರೂ ಇಲ್ಲ. ಬಯಲಾಟದಲ್ಲಾದರೆ ದುಶ್ಶಾಸನನ ಪಾತ್ರಧಾರಿ ಬೆಳಗಾಗುವುದರೊಳಗೆ ಸಾಯಲೇಬೇಕು; ಇಲ್ಲಿ ಅವನು ಸೀರೆಯ ಸೆರಗಿಗೆ ಕೈಹಾಕದೆ ಸಭೆಯಿಂದ ಎದ್ದು ಹೋಗಲೂಬಹುದು.

ಈ ಆಟ ಹುಟ್ಟಿದ್ದು ಅಮೆರಿಕೆಯಲ್ಲಿ. ಸೀಸದ ಸೈನಿಕರನ್ನು ಮೇಜಿನ ಮೇಲೆ ನಿಲ್ಲಿಸಿ ಯುದ್ಧದಾಟವಾಡುವ ಹವ್ಯಾಸಿಗಳು ಅಲ್ಲಿ ಬಹುಕಾಲದಿಂದ ಇದ್ದರು. ಒಬ್ಬೊಬ್ಬ ಆಟಗಾರನೂ ಒಂದೊಂದು ಸೈನ್ಯದ ದಳಪತಿ. ಡೇವ್ ಆರ್ನೆಸನ್ ಮತ್ತು ಗ್ಯಾರಿ ಗೈಗ್ಯಾಕ್ಸ್ ಎಂಬಿಬ್ಬರು ಆ ಸೈನ್ಯವನ್ನು ಆಟಗಾರನ ಕೈಯಿಂದ ತೆಗೆದು ಒಬ್ಬನೇ ಒಬ್ಬ ಮನುಷ್ಯನನ್ನು ಕೊಟ್ಟರು. ಮಾಡಿದ್ದು ಇಷ್ಟೇ, ಆದರೆ ಇದು ಸಣ್ಣ ಮಾತಲ್ಲ. ಸಾವಿರ ಸೈನಿಕರು ಸತ್ತರೆ ಲೆಕ್ಕವಾಗುತ್ತದೆ. ನಾವೇ ಹೆಸರಿಟ್ಟ ಒಬ್ಬನು ಸತ್ತರೆ ಊಟ ಸೇರುವುದಿಲ್ಲ. 1974ರಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಹೆಸರಿನಿಂದ ಅದರ ನಿಯಮಗಳು ಅಚ್ಚಾದಾಗ ಮೊದಲ ಮುದ್ರಣ 1000 ಪ್ರತಿಗಳದು. ಇಂದು ಜಗತ್ತಿನಲ್ಲಿ ಅದನ್ನಾಡುವವರು ಲಕ್ಷಗಟ್ಟಲೆ.

1980ರ ವೇಳೆಗೆ ಆಟಗಾರರ ಸಂಘವೂ ಏರ್ಪಟ್ಟಿತು. 2014ರಿಂದ 'ಅಡ್ವೆಂಚರರ್ಸ್ ಲೀಗ್' ಎಂಬ ಏರ್ಪಾಡು ನಡೆದುಬಂದಿದೆ. ಅದರ ಕ್ರಮ ನಮ್ಮ ಹಳೆಯ ಹುಂಡಿಯ ವ್ಯವಹಾರವನ್ನು ನೆನಪಿಗೆ ತರುತ್ತದೆ: ಒಂದು ಊರಿನ ಮೇಜಿನಲ್ಲಿ ನಿಮ್ಮ ಪಾತ್ರ ಗಳಿಸಿದ ಕತ್ತಿ, ಹೊನ್ನು, ಅನುಭವ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಹೋದರೆ ಪರವೂರಿನ ಅಪರಿಚಿತರ ಮೇಜಿನಲ್ಲಿಯೂ ಅದು ಸಲ್ಲುತ್ತದೆ.

ಆದರೆ ಆಟದ ನಿಜವಾದ ಸತ್ತ್ವವಿರುವುದು ಒಂದೇ ಗುಂಪು ತಿಂಗಳುಗಟ್ಟಲೆ ಒಂದೇ ಕಥೆಯನ್ನು ಮುಂದುವರಿಸುವುದರಲ್ಲಿ. ಈ ಪತ್ರಿಕೆಯ ಧಾರಾವಾಹಿಗಳನ್ನು ಬಿಡದೆ ಓದುವ ವಾಚಕರಿಗೆ ಇದರ ರುಚಿಯನ್ನು ನಾನು ಹೇಳಬೇಕಾಗಿಲ್ಲ. ವ್ಯತ್ಯಾಸವೊಂದೇ: 'ಮುಂದಿನ ವಾರಕ್ಕೆ' ಎಂದು ನಿಲ್ಲಿಸಿದಲ್ಲಿ ಏನಾಗುವುದೆಂದು ಇಲ್ಲಿ ಕಥೆಗಾರನೂ ಅರಿಯ. ಈ ವಾರ ಮಾಡಿದ ಕೆಲಸ ಮುಂದಿನ ವಾರ ಎದುರಿಗೆ ಬಂದು ನಿಲ್ಲುತ್ತದೆ. ಅದು ಹೇಗೆಂಬುದನ್ನು ಕಳೆದ ಬೇಸಿಗೆಯಲ್ಲಿ ಬೀದರದ ಒಂದು ಪಡಸಾಲೆಯಲ್ಲಿ ಕಣ್ಣಾರೆ ಕಂಡೆ.

ಕಥೆ ಹೇಳುತ್ತಿದ್ದವಳು ಆ ಮನೆಯ ಹುಡುಗಿ, ಇತಿಹಾಸದ ವಿದ್ಯಾರ್ಥಿನಿ. ಐವರು ಆಟಗಾರರಲ್ಲಿ ಒಬ್ಬನು ಭಾಲ್ಕಿಯಿಂದ ರೈಲಿನಲ್ಲಿ ಬರುತ್ತಿದ್ದ, ಇನ್ನೊಬ್ಬನು ಔರಾದಿನವನು. ಔರಾದಿಗೆ ರೈಲಿಲ್ಲವಾದುದರಿಂದ ಅವನ ಬಸ್ಸಿನ ಹೊತ್ತೇ ಎಲ್ಲರ ಆಟದ ಹೊತ್ತಾಗಿತ್ತು. ಮೊದಲ ರವಿವಾರ ಮನೆಯ ಹಿರಿಯ ಹೆಂಗಸು ಬಾಗಿಲಲ್ಲಿ ನಿಂತು, "ಪೈಸಾ ಕಟ್ಟಿ ಆಡ್ಲತ್ತೀರೇನ್ರೋ?" ಎಂದು ವಿಚಾರಿಸಿದಳು. "ಪೈಸಾ ಏನೂ ಇಲ್ಲಮ್ಮಾ, ಬರೇ ಕತಿ" ಎಂದ ಮೇಲೂ ಆಕೆ ಪೂರ್ತಿ ನಂಬಿದಂತೆ ಕಾಣಲಿಲ್ಲ.

ಪಾಶ್ಚಾತ್ಯರ ಕಥೆಗಳಲ್ಲಿ ಸಾಮಾನ್ಯವಾಗಿ ಹಾಳು ಕೋಟೆಯ ನೆಲಮಾಳಿಗೆಗಳು ಬರುತ್ತವೆ. ಅವರು ಕಲ್ಪಿಸಿಕೊಳ್ಳಬೇಕಾದುದು ಬೀದರದವರ ಹಿತ್ತಿಲಲ್ಲಿಯೇ ಬಿದ್ದಿದೆ. ಬಂಡೆಯನ್ನು ಕಡಿದು ಮಾಡಿದ ಮೂರು ಸಾಲು ಕಂದಕಗಳ ಕೋಟೆ. ನೌಬಾದಿನ ನೆಲದಡಿಯಲ್ಲಿ ಬಹಮನಿಯರ ಕಾಲದಲ್ಲಿ ತೋಡಿದ ಕರೇಜ್ ಎಂಬ ನೀರಿನ ಸುರಂಗ, ಅದಕ್ಕೆ ಬಾವಿಯಂಥ ಗಾಳಿಕಂಡಿಗಳು. ಎದೆಮಟ್ಟದ ನೀರಿನಲ್ಲಿ ಗುಹೆಯೊಳಗೆ ನಡೆದು ದರ್ಶನ ಪಡೆಯಬೇಕಾದ ಝರಣಿ ನರಸಿಂಹ. ಇದೆಲ್ಲ ಕಣ್ಣೆದುರಿಗಿರುವಾಗ ಡ್ರ್ಯಾಗನ್ನಿನ ಹಂಗೇಕೆ? ಆ ಹುಡುಗಿ ತನ್ನ ಕಥೆಗೆ ಮಹಮೂದ್ ಗವಾನನ ಕಾಲವನ್ನು ಆರಿಸಿಕೊಂಡಿದ್ದಳು.

ಗವಾನನ ವೃತ್ತಾಂತ ಬಲ್ಲವರಿಗೆ ಬಲ್ಲದೇ. ಇರಾನಿನ ಗೀಲಾನ್ ಪ್ರಾಂತದಿಂದ ವ್ಯಾಪಾರಿಯಾಗಿ ದಾಭೋಳ ಬಂದರಿನಲ್ಲಿ ಇಳಿದು 1453ರಲ್ಲಿ ಬೀದರಕ್ಕೆ ಬಂದವನು ಬಹಮನಿ ರಾಜ್ಯದ ಪ್ರಧಾನಿಯಾದ. 1472ರಲ್ಲಿ ಇಂದಿಗೂ ಅರ್ಧ ನಿಂತಿರುವ ಮದರಸಾವನ್ನು ಕಟ್ಟಿಸಿದ. ನಾಲ್ಕು ದೊಡ್ಡ ಪ್ರಾಂತಗಳನ್ನು ಎಂಟಾಗಿ ಒಡೆದು ಸರದಾರರ ಬಲವನ್ನು ಕುಗ್ಗಿಸಿ ಅವರ ದ್ವೇಷ ಕಟ್ಟಿಕೊಂಡ. ಶತ್ರುಗಳು ಅವನ ಮುದ್ರೆಯ ಕಾವಲುಗಾರನನ್ನು ಒಲಿಸಿಕೊಂಡು ಖಾಲಿ ಕಾಗದಕ್ಕೆ ಮುದ್ರೆ ಒತ್ತಿಸಿ, ಒಡಿಶಾದ ರಾಜನನ್ನು ದಂಡೆತ್ತಿ ಬರಲು ಕರೆದಂತೆ ಅದರಲ್ಲಿ ಬರೆದರೆಂದು ಫಿರಿಶ್ತಾ ಮೊದಲಾದ ಚರಿತ್ರಕಾರರು ಹೇಳುತ್ತಾರೆ. ಸುಲ್ತಾನ ಮೂರನೆಯ ಮಹಮ್ಮದನು ವಿಚಾರಣೆಯನ್ನೂ ನಡೆಸದೆ, 1481ರ ಏಪ್ರಿಲ್‌ನಲ್ಲಿ, ಕೊಂಡಪಲ್ಲಿಯ ಪಾಳೆಯದಲ್ಲಿ ಆ ವೃದ್ಧನ ತಲೆ ತೆಗೆಯಿಸಿದ.

ಭಾಲ್ಕಿಯ ಹುಡುಗನಿಗೆ ಬಂದಿದ್ದುದು ಆ ಮುದ್ರೆಯ ಕಾವಲುಗಾರನ ಪಾತ್ರ. ಔರಾದಿನವನು ಕುದುರೆ ವ್ಯಾಪಾರಿ. ಉಳಿದವರಲ್ಲಿ ಒಬ್ಬನು ಸಿಪಾಯಿ, ಒಬ್ಬನು ಕರೇಜ್ ತೋಡುವವನು, ಒಬ್ಬಳು ಮದರಸಾದ ಲಿಪಿಕಾರನ ವೇಷದಲ್ಲಿರುವ ಹೆಂಗಸು. ಎರಡನೆಯ ರವಿವಾರ ಯಾರೋ ಒಬ್ಬ ಗೃಹಸ್ಥನು ಬಂದು, ಮನೆಯ ಸುಂಕದ ಕಾಗದಕ್ಕೊಂದು ಮುದ್ರೆ ಬೇಕೆಂದೂ ಬರವಣಿಗೆ ಆಮೇಲೆ ಮಾಡಿಕೊಳ್ಳುವುದಾಗಿಯೂ ಹೇಳಿ ಒಳ್ಳೆಯ ಶಾಲೊಂದನ್ನು ಮುಂದಿಟ್ಟ. ಹುಡುಗ ನಗುತ್ತ ಒತ್ತಿಬಿಟ್ಟ. ಎಲ್ಲರೂ ನಕ್ಕರು. ದಾಳ ಉರುಳಿಸುವ ಪ್ರಸಂಗವೇ ಬರಲಿಲ್ಲ, ಅದರಲ್ಲಿ ಸಂಶಯವೇನಿತ್ತು? ಇತಿಹಾಸ ಗೊತ್ತಿದ್ದ ಒಬ್ಬಿಬ್ಬರಿಗೂ ಆ ಗಳಿಗೆಯಲ್ಲಿ ಅದು ಹೊಳೆಯಲಿಲ್ಲವೆಂಬುದು ಸೋಜಿಗ.

ಐದನೆಯ ರವಿವಾರ ಆ ಕಾಗದ ಹಿಂದಿರುಗಿತು. ಕರೇಜಿನೊಳಗೆ ಅಡಗಿದ್ದ ದೂತನೊಬ್ಬನ ಬಾಯಿಂದ ಸಂಗತಿ ತಿಳಿದಾಗ ಭಾಲ್ಕಿಯ ಹುಡುಗನ ಮುಖ ಬಿಳಿಚಿತು. ವ್ಯಾಪಾರಿಯ ಉತ್ತಮ ಕುದುರೆಗಳನ್ನೇರಿ ಐವರೂ ಕೊಂಡಪಲ್ಲಿಗೆ ಧಾವಿಸಿದರು. ಸುಲ್ತಾನನ ಡೇರೆಯ ಕಾವಲಿನವನು ಒಳಗೆ ಬಿಡಬೇಕಾದರೆ ದಾಳದಲ್ಲಿ 15 ಅಥವಾ ಅದಕ್ಕಿಂತ ಹೆಚ್ಚು ಬೀಳಬೇಕು. ಬಿದ್ದುದು 11. ಪಡಸಾಲೆಯಲ್ಲಿ ಉಸಿರಿನ ಸದ್ದಿಲ್ಲ.

"ಅಕ್ಕಾ, ಅದೊಂದು ಛಾಪ ಹೊಡದದ್ದು ಬಿಟ್ಟಬಿಡ್ರಿ" ಎಂದ ಹುಡುಗ.

"ಹಂಗ ಬರಂಗಿಲ್ಲ ತಮ್ಮಾ. ಛಾಪ ಬಿದ್ದದ್ದು ಬಿದ್ದೇ ಹೋತು."

ಸೂತ್ರಧಾರಿಣಿ ಕಠಿಣಳೆಂದು ನನಗೆ ಮೊದಲು ಅನಿಸಿತು, ಆಮೇಲೆ ಅನಿಸಲಿಲ್ಲ. ಅವಳು ಅಳಿಸಿಬಿಟ್ಟಿದ್ದರೆ ಆ ಐದು ವಾರಗಳು ಬರಿಯ ಹರಟೆಯಾಗುತ್ತಿದ್ದವು. ಆರನೆಯ ವಾರ ಅವನು ಬರಲಾರನೆಂದು ಕೆಲವರು ಶಂಕಿಸಿದರು. ಬಂದ, ತನ್ನ ಕಾವಲುಗಾರನು ಬೀದರಕ್ಕೆ ಹಿಂದಿರುಗಿ, ನಡೆದುದನ್ನು ಸಹಿ ಹಾಕಿ ಬರೆದುಕೊಡುತ್ತಾನೆಂದ. ಬರೆದುಕೊಟ್ಟರೆ ಪ್ರಾಣ ಉಳಿಯುವಂತಿಲ್ಲವೆಂದು ಉಳಿದವರು ಎರಡು ಗಂಟೆ ವಾದಿಸಿದರು, ಕನ್ನಡದಲ್ಲಿ ಸ್ವಲ್ಪ, ದಖನಿಯಲ್ಲಿ ಸ್ವಲ್ಪ, ಮರಾಠಿಯಲ್ಲಿ ಸ್ವಲ್ಪ. ಅವನು ಕೇಳಲಿಲ್ಲ. ಪಾಠದ ಪುಸ್ತಕದಲ್ಲಿ ಅರ್ಧ ಸಾಲಿನಲ್ಲಿ ಮುಗಿದುಹೋಗುವ ಆ ಹೆಸರಿಲ್ಲದ ಕಾವಲುಗಾರನ ಪಾಡನ್ನು ಇಷ್ಟು ಹೊತ್ತು ಯೋಚಿಸಿದವರನ್ನು ನಾನಂತೂ ಬೇರೆ ಕಂಡಿಲ್ಲ.

ಈ ಆಟದ ವಿಷಯದಲ್ಲಿ ಆಕ್ಷೇಪಗಳಿಲ್ಲದಿಲ್ಲ. 1980ರ ದಶಕದಲ್ಲಿ ಅಮೆರಿಕೆಯ ಕೆಲವು ತಂದೆತಾಯಿಗಳು ಇದು ಮಕ್ಕಳನ್ನು ಪಿಶಾಚಿಯ ಪೂಜೆಗೆ ಎಳೆಯುತ್ತದೆಂದು ಗುಲ್ಲೆಬ್ಬಿಸಿದರು, ಅದರಲ್ಲಿ ಹುರುಳಿರಲಿಲ್ಲ. ಹೊತ್ತು ಹಾಳೆಂಬ ಆಕ್ಷೇಪಕ್ಕೆ ಮಾತ್ರ ಹುರುಳುಂಟು. ಪರೀಕ್ಷೆಯ ತಿಂಗಳಿನಲ್ಲಿ ಆಟ ಕಟ್ಟಿಡಬೇಕು. ಬಾಯಿಬಡುಕನೊಬ್ಬನಿದ್ದರೆ ಉಳಿದವರ ಪಾತ್ರಗಳೆಲ್ಲ ಮೂಕವಾಗುವುದೂ ಉಂಟು; ಅಲ್ಲಿ ಸೂತ್ರಧಾರರಾದವರು ನಿಷ್ಠುರರಾಗಬೇಕು. ಖರ್ಚೆಂದರೆ ದಾಳಗಳು, ಪೆನ್ಸಿಲು, ಒಂದು ವಹಿ, ಆಡುವವರಿಗೆ ಚಹಾ, ಚೂಡಾ. ಬಿದರಿಯ ಕುಶಲಕರ್ಮಿಯೊಬ್ಬನು ಬೆಳ್ಳಿಯ ಕುಸುರಿಯಿಟ್ಟು ಇಪ್ಪತ್ತು ಮುಖದ ದಾಳವೊಂದನ್ನು ಮಾಡಿಕೊಟ್ಟಾನೆಯೆಂಬ ಆಸೆ ನನಗಿದೆ. ಅದು ಬೇರೆ ಮಾತು.

ಎಲ್ಲಕ್ಕಿಂತ ದೊಡ್ಡ ತೊಡಕು ಹಾಜರಿಯದು. ಕಥೆ ಬದುಕುವುದು ಕುಳಿತವರು ಮತ್ತೆ ಬಂದು ಕುಳಿತರೆ ಮಾತ್ರ. ನಮ್ಮ ಗಡಿಭಾಗದ ಊರುಗಳಿಂದ ಹುಡುಗರು ಕೆಲಸಕ್ಕೆಂದು ಹೈದರಾಬಾದಿಗೋ ಪುಣೆಗೋ ಹೊರಟೇ ಬಿಡುತ್ತಾರೆ. ಔರಾದಿನ ಹುಡುಗನಿಗೂ ಜೂನ್ ತಿಂಗಳಿನಲ್ಲಿ ಹೈದರಾಬಾದಿನ ಕೆಲಸ ಬಂದಿತು. ಮೊಬೈಲಿನ ಪರದೆಯ ಮೇಲೆ ಆಡೋಣವೆಂದು ಎರಡು ಬಾರಿ ಯತ್ನಿಸಿದರು. ಅವನ ಪಾಳಿ ರಾತ್ರಿಯದಾದುದರಿಂದ ಹೊಂದಲಿಲ್ಲ. ಅವನ ಪಾತ್ರವನ್ನು ಕೊಲ್ಲಲು ಯಾರೂ ಒಪ್ಪಲಿಲ್ಲ. ಕುದುರೆ ವ್ಯಾಪಾರಿಯು ಹೊಸ ಹಡಗು ಬರುವುದನ್ನು ಕಾಯುತ್ತ ದಾಭೋಳ ಬಂದರಿನಲ್ಲಿದ್ದಾನೆಂದು ವಹಿಯಲ್ಲಿ ಬರೆದು, ದೀಪಾವಳಿಯ ರಜೆಯ ರವಿವಾರಕ್ಕೆ ಗುರುತು ಹಾಕಿದ್ದಾರೆ.